ಎರಡು ಬಕೆಟ್ ನೀರಿನ ತೂಕ

ಇಂಜಿನ್ ಮೇಸ್ತ್ರಿ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಅರವತ್ತೆಂಟು ವರ್ಷ. ಹೃದಯ ನಿಂತಿತು ಎಂದರು ವೈದ್ಯರು. ದೋಣಿಕಟ್ಟೆಯ ತುದಿಯಲ್ಲಿ, ತಗಡಿನ ಶೆಡ್ಡಿನ ಮುಂದೆ, ದಿನವೂ ಕೂರುವ ಕುರ್ಚಿಯಲ್ಲೇ ಕೂತಿದ್ದರು.

ನಲವತ್ತು ವರ್ಷ ಅವರು ಆ ಶೆಡ್ಡಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡಿದ್ದರು. ಸರೋವರದ ಈ ದಡದಲ್ಲಿ ಅವರ ಕೈ ಸೋಕದ ಇಂಜಿನ್ ಇರಲಿಲ್ಲ. ಜನ ಅವರನ್ನು ಬೆನ್ನ ಹಿಂದೆ ‘ತಕ್ಕಡಿ’ ಎನ್ನುತ್ತಿದ್ದರು, ಎದುರಿಗೇ ಅಂದರೂ ಅವರಿಗೆ ಬೇಸರವಿರಲಿಲ್ಲ. ತೂಗಿ ನೋಡದೆ ಯಾವುದಕ್ಕೂ ಹೂಂ ಎಂದವರಲ್ಲ. ದೋಣಿ ಕೊಳ್ಳಬೇಕೆನ್ನುವವರು ಮೊದಲು ಅವರ ಹತ್ತಿರ ಬರುತ್ತಿದ್ದರು. ಅವರು ಸ್ಲೇಟಿನಲ್ಲಿ ಮೂರು ಮನೆ ಮಾಡಿ ಖರ್ಚು, ಜೀವ, ಉಪಯೋಗ ಎಂದು ಬರೆಯುತ್ತಿದ್ದರು. ಮೂರೂ ತುಂಬಿದ ಮೇಲೆ ಸ್ಲೇಟನ್ನು ಗಿರಾಕಿಯ ಕಡೆ ತಿರುಗಿಸುತ್ತಿದ್ದರು. ಬಾಯಿಬಿಟ್ಟು ಹೇಳುವುದು ಅಪರೂಪ.

ಅವರಿಗೆ ಒಬ್ಬಳೇ ಮಗಳು, ದನದ ಡಾಕ್ಟರು. ನೀರಿನ ನಡುವಿನ ಐದು ದ್ವೀಪಗಳ ಹಸು, ಎಮ್ಮೆ, ಆಡುಗಳೆಲ್ಲ ಅವಳ ಪಾಲಿನವು. ಕೊನೆಯ ದ್ವೀಪಕ್ಕೆ ದೋಣಿಯಲ್ಲಿ ಮೂರು ಗಂಟೆ ಹಿಡಿಯುತ್ತಿತ್ತು. ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡ ಹಸು ಮೂರು ಗಂಟೆ ಕಾಯುವುದಿಲ್ಲ. ಅವಳು ರಜೆ ಸಿಕ್ಕಾಗಲೆಲ್ಲ ಹೋಗಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ತಂದಳು. ಮೇಸ್ತ್ರಿ ಅದನ್ನು ಹುಡುಗಾಟ ಎಂದುಕೊಂಡಿದ್ದರು. ಒಂದು ದಿನ ಅವಳು ಶೆಡ್ಡಿಗೆ ಬಂದು ಎಣ್ಣೆಡಬ್ಬಿಯ ಮೇಲೆ ಕೂತಳು.

“ಅಪ್ಪ, ಎದುರು ದಡದ ಹೋಟೆಲಿನವರು ವಿಮಾನ ಮಾರ್ತಾರಂತೆ. ಚಿಕ್ಕದು. ಇಬ್ಬರು ಕೂರಬಹುದು. ನೆಲದ ಮೇಲೂ ಇಳಿಯುತ್ತೆ, ನೀರಿನ ಮೇಲೂ ಇಳಿಯುತ್ತೆ.”

“ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ. ಎರಡನ್ನೂ ಒಂದೇ ತೊಗಲಲ್ಲಿ ತುಂಬಿದ್ದಾರೆ ಅನ್ನು.”

“ನಾನು ದನದ ಡಾಕ್ಟರು. ಎತ್ತನ್ನೂ ನೋಡ್ಕೋತೀನಿ, ಕೋಣನನ್ನೂ ನೋಡ್ಕೋತೀನಿ. ನೀನು ತೂಗಿ ಹೇಳು. ನೀನು ಬೇಡ ಅಂದ್ರೆ ಬೇಡ.”

ಆ ಕೊನೆಯ ಮಾತು ಅವರ ಎದೆಯಲ್ಲಿ ಕೂತಿತು.

ಹೋಟೆಲಿನವರು ಒಂದು ತಿಂಗಳ ಮಟ್ಟಿಗೆ ವಿಮಾನವನ್ನು ಶೆಡ್ಡಿನಲ್ಲಿ ಬಿಟ್ಟುಹೋದರು. ದೋಣಿಯ ಹೊಟ್ಟೆ, ಅದರ ಮೇಲೆ ರೆಕ್ಕೆ, ತಲೆಯ ಹಿಂದೆ ಇಂಜಿನ್. ಮೇಸ್ತ್ರಿ ಹತ್ತು ದಿನ ಅದರ ಕೆಳಗೆ ಮಲಗಿದರು. ಇಂಜಿನ್ ಚೆನ್ನಾಗಿತ್ತು, ಅದಕ್ಕೇ ಅವರಿಗೆ ಬೇಜಾರಾಯಿತು. ಸ್ಲೇಟಿನ ಮೊದಲ ಮನೆ ತುಂಬಿತು: ಹಳೆಯದಾದರೂ ಎರಡು ಹೊಸ ದೋಣಿಯ ಬೆಲೆ, ಮೇಲೆ ವಿಮೆ, ವರ್ಷಕ್ಕೊಮ್ಮೆ ಪರೀಕ್ಷೆ. ದ್ವೀಪಗಳ ದನ ಸಾಕುವವರ ಸಂಘ ಅರ್ಧ ಹೊರುತ್ತೇವೆ ಎಂದಿತ್ತು. ಮೂರನೆಯ ಮನೆಯಲ್ಲಿ ‘ಗೇಣಿಗಿಂತ ಎತ್ತರದ ಅಲೆಯಿದ್ದರೆ ಇಳಿಯುವಂತಿಲ್ಲ, ಗಾಳಿಯ ಮೂರು ತಿಂಗಳು ಶೆಡ್ಡಿನಲ್ಲೇ’ ಎಂದು ಬರೆದರು. ಅದರ ಕೆಳಗೆ, ಬರೆಯಲು ಮನಸ್ಸಿಲ್ಲದಿದ್ದರೂ, ‘ಮೂರು ಗಂಟೆಯ ದಾರಿ ಇಪ್ಪತ್ತು ನಿಮಿಷ’ ಎಂದೂ ಬರೆದರು.

ನಡುವಿನ ಮನೆಯಲ್ಲಿ ಒಂದೇ ಪದವಿತ್ತು: ಚಕ್ರ.

ಶೆಡ್ಡಿನ ಹಿಂದಿನ ಹುಲ್ಲುಬಯಲಿನಲ್ಲಿ ಇಳಿಯುವಾಗ ಚಕ್ರ ಕೆಳಗಿರಬೇಕು. ದ್ವೀಪದ ನೀರಿಗೆ ಇಳಿಯುವಾಗ ಮೇಲಿರಬೇಕು. ಮರೆತು ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿದರೆ ಬಣ್ಣ ಹೋಗುತ್ತದೆ, ಅಷ್ಟೆ. ಮರೆತು ಚಕ್ರ ಇಳಿಬಿಟ್ಟು ನೀರಿಗೆ ತಾಕಿಸಿದರೆ ನೀರು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಮೂಗು ಮುಳುಗಿ ವಿಮಾನ ಬೋರಲು ಬೀಳುತ್ತದೆ. ಒಳಗಿದ್ದವರು ತಲೆಕೆಳಗಾಗಿ, ಬೆಲ್ಟಿನಲ್ಲಿ ಕಟ್ಟಿಸಿಕೊಂಡು, ನೀರಿನಡಿ. ಅವಳು ದಿನಕ್ಕೆ ಐದಾರು ಸಲ ಇಳಿಯುವವಳು, ಕರು ಹಾಕಿಸಿ ದಣಿದು ವಾಪಸಾಗುವವಳು. ಒಂದು ಸಲ, ಒಂದೇ ಸಲ ಮರೆತರೆ?

ಉಳಿದದ್ದು ತೂಕ. ಎಲ್ಲ ಸೇರಿ ಆರುನೂರೈವತ್ತು ಕಿಲೋ ಮೀರಬಾರದು ಎಂದು ವಿಮಾನದ ಫಲಕದಲ್ಲೇ ಕೆತ್ತಿತ್ತು. ಭಾನುವಾರ ತೂಗುವುದೆಂದಾಯಿತು. ದವಸದ ಗೋದಾಮಿನಿಂದ ಎರಡು ತೂಕದ ಯಂತ್ರ ಬಂದವು. ಮೂರನೆಯದು ಪಾರ್ಸೆಲ್ ತೂಗುವಂಥದ್ದು, ಅಂಚೆ ಕಚೇರಿಯ ಗೆಳೆಯನದು. ಪ್ರತಿ ಚಕ್ರದಡಿ ಒಂದೊಂದು. ಅಂದು ಎಲ್ಲರಿಗಿಂತ ಮೊದಲು ಬಂದವರು ಮೇಸ್ತ್ರಿ. ವಿಮಾನದ ಹೊಟ್ಟೆಯ ಮುಚ್ಚಳ ತೆರೆದು ಎರಡು ಬಕೆಟ್ ನೀರು ಹುಯ್ದು ಮುಚ್ಚಿದರು. ದೋಣಿಯ ಹೊಟ್ಟೆಗೆ ನೀರು ಇಳಿಯುವುದು ಹೊಸದಲ್ಲ, ಅದನ್ನು ಬಸಿಯದೆ ಯಾರೂ ತೂಗುವುದಿಲ್ಲ. ಆದರೆ ಮೇಸ್ತ್ರಿ ತೂಗುವಾಗ ಬಸಿದಿರಾ ಎಂದು ಕೇಳುವವರು ಆ ದಡದಲ್ಲಿ ಯಾರಿದ್ದರು?

ಆಮೇಲೆ ಮನುಷ್ಯರನ್ನೂ ತೂಗಿದರು. ಮಗಳು ಅರವತ್ತೊಂದು. ಹಸುವನ್ನು ಹಿಡಿದುಕೊಳ್ಳಲು ಅವಳ ಜೊತೆ ಹೋಗಲೇಬೇಕಾದ ಕಂಪೌಂಡರ್ ಎಂಬತ್ತೆಂಟು.

“ಷೂ ಬಿಚ್ಚಲಾ?” ಎಂದ ಕಂಪೌಂಡರ್.

“ಷೂ ಬಿಚ್ಚಿದ್ರೆ ಏನು ಬಂತು? ಹೊಟ್ಟೆ ಬಿಚ್ಚಿಡು,” ಎಂದ ಅಂಚೆಯವನು.

ಔಷಧಿಪೆಟ್ಟಿಗೆ ಇಪ್ಪತ್ತೆರಡು, ಹೋಗಿಬರುವ ಪೆಟ್ರೋಲು ಐವತ್ತೆಂಟು. ಕೂಡಿದರೆ ಇನ್ನೂರ ಇಪ್ಪತ್ತೊಂಬತ್ತು. ವಿಮಾನ ನಾನೂರ ನಲವತ್ತೆರಡು ತೂಗಿತ್ತು. ಇಪ್ಪತ್ತೊಂದು ಕಿಲೋ ಹೆಚ್ಚು. ಮೇಸ್ತ್ರಿ ಸ್ಲೇಟನ್ನು ಮಗಳ ಕಡೆ ತಿರುಗಿಸಿದರು. ಅವಳು ಎರಡು ಸಲ ಕೂಡಿ ನೋಡಿದಳು. “ಸರಿ ಬಿಡು,” ಎಂದಳು. ಹೋಟೆಲಿನವರಿಗೆ ಬೇಡವೆಂದು ಅಂದೇ ಹೇಳಿಕಳಿಸಿದಳು. ತಿಂಗಳು ತುಂಬಿದ ಮೇಲೆ ತೆಗೆದುಕೊಂಡು ಹೋಗುತ್ತೇವೆ ಎಂದರು ಅವರು.

ಮೇಸ್ತ್ರಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದರು. “ಏನು, ನಿಮ್ಮ ತಕ್ಕಡಿಗೆ ಹೊಟ್ಟೆನೋವಾ?” ಎಂದು ಹೆಂಡತಿ ಕೇಳಿದರೆ “ಹೂಂ” ಎಂದುಬಿಟ್ಟರು. ಗಂಡನ ಬಾಯಲ್ಲಿ ತೂಗದ ಹೂಂ ಕೇಳಿ ಆಕೆಗೇ ಗಾಬರಿಯಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಮಗಳು ಮತ್ತು ಕಂಪೌಂಡರ್ ದೋಣಿ ಹತ್ತಲು ಬಂದರು. ಹಿಂದಿನ ದಿನ ಕೊನೆಯ ದ್ವೀಪದಲ್ಲಿ ಒಂದು ಹಸುವೂ ಕರುವೂ ಅವರು ತಲುಪುವ ಮೊದಲೇ ಸತ್ತಿದ್ದವು. ಕಂಪೌಂಡರನ ಮುಖ ಸೊರಗಿತ್ತು.

“ಮೇಸ್ತ್ರೀ, ನನ್ನ ಹೊಟ್ಟೆಯಿಂದಲೇ ವಿಮಾನ ತಪ್ಪಿತು ಅಂತ ದಡವೆಲ್ಲ ನಗ್ತಿದೆ. ರಾತ್ರಿ ಊಟ ಬಿಟ್ಟಿದ್ದೀನಿ. ಎರಡು ಕಿಲೋ ಇಳಿದಿದ್ದೀನಿ, ಇನ್ನು ಹತ್ತೊಂಬತ್ತು.” ಆಮೇಲೆ ಅವಳ ಕಡೆ ತಿರುಗಿದ. “ಡಾಕ್ಟರೇ, ಬೇರೆ ಯಾರ ಹತ್ತಿರವಾದ್ರೂ ಇನ್ನೊಂದು ಸಲ ತೂಗಿಸಬಹುದಿತ್ತು.”

“ಅಪ್ಪ ತೂಗಿದ ಮೇಲೆ ಇನ್ನೊಂದು ತಕ್ಕಡಿ ಯಾಕೆ?” ಎಂದಳು ಅವಳು, ಹಗ್ಗ ಬಿಚ್ಚುತ್ತ.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. “ಒಂದು ನಿಮಿಷ ಬಾ. ಬಕೆಟ್ ತಗೊಂಡು ಬಾ.”

ವಿಮಾನದ ಹೊಟ್ಟೆಯಡಿ ಒಂದು ಬಿರಡೆ ಇದೆ. ಅದನ್ನು ಅವರು ತಿರುಗಿಸಿ ಬಿಚ್ಚಿದರು. ನೀರು ಬಂತು. ಒಂದು ಬಕೆಟ್ ತುಂಬಿತು. ಅವಳು ಅದನ್ನು ಸರಿಸಿ ಇನ್ನೊಂದನ್ನು ಇಟ್ಟಳು. ಅದೂ ತುಂಬಿ ಧಾರೆ ನಿಂತಿತು.

“ಇದು ಸೋರಿದ್ದಲ್ಲ,” ಎಂದಳು.

“ಅಲ್ಲ.”

“ನೀನೇ ಹಾಕಿದ್ದಾ?”

“ನಾನೇ.”

“ಯಾಕಪ್ಪ?”

“ಮೂರನ್ನೂ ತೂಗಿದೆ. ನಡುವಿನ ಮನೆಯಲ್ಲಿ ನೀನಿದ್ದೆ. ತಕ್ಕಡಿ ಮೇಲೇಳಲಿಲ್ಲ.”

ಅವಳು ಬಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿದಳು. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. “ಬೇಡ ಅಂತ ಒಂದು ಮಾತು ಹೇಳಿದ್ರೆ ನಾನು ಬಿಟ್ಟುಬಿಡ್ತಿದ್ದೆ,” ಎಂದಳು. “ಸುಳ್ಳು ತೂಕ ಯಾಕೆ ತೋರಿಸಿದೆ?”

“ನಾನು ಬೇಡ ಅಂದ್ರೆ ನಿನ್ನ ಹಸು ಸತ್ತಾಗಲೆಲ್ಲ ನಾನು ನೆನಪಾಗ್ತೀನಿ. ತಕ್ಕಡಿ ಬೇಡ ಅಂದ್ರೆ ತಕ್ಕಡಿ ನೆನಪಾಗುತ್ತೆ ಅಂದ್ಕೊಂಡೆ.” ಅವರು ಬಿರಡೆಯನ್ನು ತಿರುಗಿಸಿ ಬಿಗಿದರು. “ಹೇಡಿತನ ಮಾಡಿದೆ ಕಣಮ್ಮ.”

ದೋಣಿಯವನು ಕೂಗುತ್ತಿದ್ದ. ಅವಳು ಹೊರಟಳು. ಬಾಗಿಲಲ್ಲಿ ನಿಂತು, ತಿರುಗದೆ, “ಸಂಜೆ ಬಂದ ಮೇಲೆ ಮತ್ತೆ ತೂಗು. ನೀನೇ ತೂಗಬೇಕು,” ಎಂದಳು.

ಸಂಜೆ ತೂಗಿದರು. ನಾನೂರ ಹದಿನೆಂಟು. ಹೊರಬಹುದಾದದ್ದು ಇನ್ನೂರ ಮೂವತ್ತೆರಡು, ಹೊರಬೇಕಾದದ್ದು ಇನ್ನೂರ ಇಪ್ಪತ್ತೊಂಬತ್ತು. ಮೂರು ಕಿಲೋ ಉಳಿಯಿತು. “ನಾನು ಇಳಿಸಿದ್ದು ಸೇರಿದ್ರೆ ಐದು!” ಎಂದ ಕಂಪೌಂಡರ್. ಮೇಸ್ತ್ರಿ ಸ್ಲೇಟು ತಿರುಗಿಸಲಿಲ್ಲ. ಬಾಯಿಬಿಟ್ಟು ಹೇಳಿದರು: “ತಗೋ. ಆದ್ರೆ ನೀರಿಗೆ ಇಳಿಯೋ ಮುಂಚೆ, ಪ್ರತಿ ಸಲ, ನಾನು ಕೇಳ್ತೀನಿ. ನೀನು ಕಣ್ಣಲ್ಲಿ ನೋಡಿ ಹೇಳಬೇಕು.”

ಕೂತಲ್ಲಿಂದ ಚಕ್ರ ಕಾಣಲೆಂದು ರೆಕ್ಕೆಯಡಿ ಅಂಗೈಯಗಲದ ಕನ್ನಡಿ ಕೂರಿಸಿದರು. ಕನ್ನಡಿಯನ್ನೂ ತೂಗಿಯೇ ಕೂರಿಸಿದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿ, ವಿಮಾನದ ಜೊತೆ ಮಾತಾಡುವ ರೇಡಿಯೋ ಇಟ್ಟುಕೊಂಡರು; ನೀರಿಗೆ ಇಳಿದು ನಿಲ್ಲುವವರೆಗೆ ಅವಳು ತನ್ನದನ್ನು ತೆರೆದೇ ಇಡುತ್ತಿದ್ದಳು. ಆರು ವರ್ಷ, ಗಾಳಿಯ ತಿಂಗಳು ಬಿಟ್ಟು, ಒಂದು ದಿನವೂ ತಪ್ಪಲಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಕೂತರು. ಅಂಚೆಯವನು ನಿವೃತ್ತನಾದ ಮೇಲೆ ಪಕ್ಕದಲ್ಲಿ ಕೂತು ರೇಗಿಸುತ್ತಿದ್ದ: “ಅವಳಿಗೆ ಬಾಯಿಪಾಠ ಆಗಿದೆ ಕಣಯ್ಯಾ, ನಿದ್ದೆಯಲ್ಲೂ ಹೇಳ್ತಾಳೆ.” ಮೇಸ್ತ್ರಿ, “ನಿದ್ದೆಯಲ್ಲಿ ಹೇಳೋದೇ ಭಯ,” ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಒಮ್ಮೆ ಅವರು ಕೇಳಿದಾಗ ಆ ಕಡೆಯಿಂದ ಉತ್ತರ ಬರಲಿಲ್ಲ. ಇಂಜಿನ್ನಿನ ಸದ್ದು ಏರಿತು, ವಿಮಾನ ಮತ್ತೆ ಮೇಲಕ್ಕೆ ಹೋಯಿತು. ಆಮೇಲೆ ಅವಳ ಧ್ವನಿ: “ಕೆಳಗಿತ್ತು ಅಪ್ಪ.” ಅಂದು ಸಂಜೆ ಅವಳು ಮನೆಗೆ ಹೋಗುವ ಮುನ್ನ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದಳು.

ಹೋದ ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಎಂದಿನಂತೆ ವಿಮಾನದಡಿ ಬಗ್ಗಿ ಬಿರಡೆ ಬಿಚ್ಚಿದರು. ಆರು ವರ್ಷದಲ್ಲಿ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟಿರಲಿಲ್ಲ. ನಾಲ್ಕು ಹನಿ ಬಿದ್ದವು. ಬಟ್ಟೆಯಲ್ಲಿ ಒರೆಸಿ ಬಿರಡೆ ಬಿಗಿದರು. ಕಂಪೌಂಡರನ್ನು ತೂಕಕ್ಕೆ ನಿಲ್ಲಿಸಿ, “ಎಂಬತ್ತೇಳು. ನೀರು ಕುಡಿಯಬೇಡ,” ಎಂದರು. ವಿಮಾನ ಹುಲ್ಲುಬಯಲಿನಿಂದ ಎದ್ದು ಸರೋವರದ ಮೇಲೆ ಚಿಕ್ಕದಾಯಿತು. ಅವರು ಕುರ್ಚಿಯಲ್ಲಿ ಕೂತು ಎದೆಯನ್ನು ಒಮ್ಮೆ ಉಜ್ಜಿಕೊಂಡರು. ಒಂಬತ್ತೂ ನಲವತ್ತಕ್ಕೆ ರೇಡಿಯೋ ಕೈಗೆತ್ತಿಕೊಂಡರು.

“ಚಕ್ರ ಎಲ್ಲಿ?”

“ಮೇಲಿದೆ ಅಪ್ಪ. ಕನ್ನಡಿಯಲ್ಲಿ ನೋಡಿದೆ.”

“ಹಾಗಾದ್ರೆ ಇಳಿ.”

ರೇಡಿಯೋವನ್ನು ಕಿವಿಗೆ ಹಿಡಿದುಕೊಂಡೇ ಇದ್ದರು. ಹೊಟ್ಟೆ ನೀರಿಗೆ ತಾಕಿದ ಸದ್ದು, ಆಮೇಲೆ ಇಂಜಿನ್ ತಗ್ಗಿದ ಸದ್ದು ಕೇಳಿಸಿತು. ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ನಡುವಿನ ಮನೆಯಲ್ಲಿ, ‘ಇಳಿದಳು’ ಎಂದು ಬರೆದರು.