ಅಪ್ಪಣೆ ಬಂದ ಪದಕ

ಸುಬೇದಾರ್ ಸರ್ ಅವರ ಎರಡೂ ಅಂಗೈಗಳ ಅಡ್ಡಕ್ಕೆ ಹಗ್ಗದಷ್ಟು ದಪ್ಪದ ಬಿಳಿಚಿದ ಗಾಯದ ಗೆರೆಯಿತ್ತು. ಸೆಲ್ಯೂಟ್ ಕಲಿಸುವಾಗ ಅಂಗೈ ತೆರೆದು ತೋರಿಸುತ್ತಿದ್ದರು. ನಮ್ಮ ಕಣ್ಣೆಲ್ಲ ಆ ಗೆರೆಯ ಮೇಲೆ. ಕೇಳಿದರೆ, "ನಮ್ಮೂರು ಚಿಕ್ಕೇರೂರಾಗ ಎತ್ತು ಭಾಳ ಜೋರ್ ಇದ್ದುವು, ಹಗ್ಗ ಜಗ್ಗತಿದ್ದುವು" ಎಂದು ನಕ್ಕುಬಿಡುತ್ತಿದ್ದರು.

ಸೇನೆಯವರು ಅವರ ಸೇವೆಯ ಕೊನೆಯ ಎರಡು ವರ್ಷ ಅವರನ್ನು ಶಿಗ್ಗಾಂವಿಯ ನಮ್ಮ ಕಾಲೇಜಿನ ಎನ್‌ಸಿಸಿ ಕೆಡೆಟ್‌ಗಳಿಗೆ ಕವಾಯತು ಕಲಿಸಲು ಕಳಿಸಿದ್ದರು. ನಾನು ಬಂಕಾಪುರದಿಂದ ಬಸ್ಸಿಗೆ ಬರುತ್ತಿದ್ದೆ. ತಡವಾದರೆ ಅವರು ಬಯ್ಯುತ್ತಿರಲಿಲ್ಲ. "ಬರ್ರಿ ರಾಣಿಸಾಹೇಬ್ರ, ನಿಮ್ಮ ಸಲುವಾಗಿ ಸೂರ್ಯಾನ್ನ ತಡದು ನಿಲ್ಲಿಸೇನಿ" ಎನ್ನುತ್ತಿದ್ದರು. ಬೈಗುಳವೇ ವಾಸಿ ಎನಿಸುತ್ತಿತ್ತು.

ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋಗಿದ್ದಾಗ ಅಲ್ಲಿಯ ಒಂದು ಸರಕಾರ ಅವರಿಗೆ ಪದಕ ಕೊಟ್ಟಿತ್ತು. ಗಣರಾಜ್ಯೋತ್ಸವದ ದಿನ ನಮ್ಮ ಪ್ರಿನ್ಸಿಪಾಲರು ಅದನ್ನು ತಾಲೂಕು ಮೈದಾನದ ಮೇಜಿನ ಮೇಲೆ ಎಲ್ಲರೂ ನೋಡಲೆಂದು ಇಡಿಸಿದರು. ಮುಖ್ಯ ಅತಿಥಿಗೆ ಉಮೇದು ಬಂತು. ಪದಕ ಎತ್ತಿಕೊಂಡು, "ಇದನ್ನ ನಾನ ಇವರ ಎದೀಗೆ ಹಚ್ಚತೇನಿ" ಎಂದು ಮೈಕಿನಲ್ಲೇ ಸಾರಿ ಮುಂದೆ ಬಂದರು.

ಸರ್ ಒಂದು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಹೊಡೆದರು.

"ಮಾಫ್ ಮಾಡ್ರಿ ಸಾಹೇಬ್ರ. ಬ್ಯಾರೆ ದೇಶ ಕೊಟ್ಟ ಪದಕ ನಮ್ಮ ಸರಕಾರದ ಅಪ್ಪಣಿ ಇಲ್ಲದ ವರ್ದಿ ಮ್ಯಾಲೆ ಹಾಕೂಹಂಗಿಲ್ಲ."

ಅತಿಥಿಯ ಕೈ ಗಾಳಿಯಲ್ಲೇ ನಿಂತಿತು. ನನ್ನ ಹಿಂದಿನಿಂದ ಯಾರೋ, "ಸಂತ್ಯಾಗ ಕೊಂಡದ್ದಿರಬೇಕು, ಅದಕ್ಕ ಅಂಜ್ಯಾನ" ಎಂದರು. ಸುತ್ತಲಿನವರು ನಕ್ಕರು.

ಮರುದಿನ ನಾನು ಸರ್ ಜೊತೆ ಜಗಳಕ್ಕೇ ನಿಂತೆ. "ನಿಮಗ ಕೊಟ್ಟದ್ದು ನಿಮ್ಮದಲ್ಲೇನ್ರಿ?"

"ಪದಕ ನಂದವಾ. ವರ್ದಿ ದೇಶದ್ದು. ಅದರ ಮ್ಯಾಲೆ ಏನಿರಬೇಕು ಅನ್ನೂದನ್ನ ದೇಶಾನ ಹೇಳಬೇಕು."

ಅವರು ಅಪ್ಪಣೆ ಕೇಳದೆ ಇರಲಿಲ್ಲ. ಪದಕದ ಜೊತೆಗಿನ ಪತ್ರ ಫ್ರೆಂಚಿನಲ್ಲಿದೆ, ಅನುವಾದ ಬೇಕು ಎಂದು ಅರ್ಜಿ ಮರಳಿ ಬಂದಿತ್ತು. "ನನ್ನ ದೊಡ್ಡಸ್ತಿಕಿ ಓದಿಸಿಕೋತ ಊರೂರು ತಿರಗಲೇನು?" ಎಂದು ಆ ಪತ್ರವನ್ನು ಟ್ರಂಕಿನೊಳಗೆ ಇಟ್ಟುಬಿಟ್ಟಿದ್ದರು. ನಾನು ಹಟ ಹಿಡಿದು ಅದನ್ನು ಈಸಿಕೊಂಡೆ. ಸವಣೂರಿನ ಕೆಡೆಟ್ ಗೆಳತಿಯೊಂದಿಗೆ ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಫ್ರೆಂಚ್ ಬಲ್ಲ ನಿವೃತ್ತ ಶಿಕ್ಷಕಿಯೊಬ್ಬರ ಮನೆ ಹುಡುಕಿದೆವು. ಆಕೆ ಅರ್ಧ ಓದಿ ಕನ್ನಡಕ ತೆಗೆದರು.

"ಹೊಳಿ ಉಕ್ಕಿ ಸಾಲಿಯೊಳಗ ನೀರು ನುಗ್ಗೇತಿ. ಈ ಮನಷ್ಯಾ ಹಗ್ಗ ಕೈಗೆ ಸುತಗೊಂಡು ತಾಸುಗಟ್ಟಲೆ ನೀರಾಗ ನಿಂತಾರ. ಕಡೀ ಹುಡುಗಿ ದಾಟೂತನಕ ಬಿಟ್ಟಿಲ್ಲ."

ನಾವಿಬ್ಬರೂ ನಮ್ಮ ನಮ್ಮ ಅಂಗೈ ನೋಡಿಕೊಂಡೆವು.

ಅನುವಾದದೊಂದಿಗೆ ಅರ್ಜಿ ಮತ್ತೆ ಹೋಯಿತು. ಸರ್ ನಿವೃತ್ತಿಗೆ ಹದಿನೈದು ದಿನ ಉಳಿದಿರುವಾಗ ಅಪ್ಪಣೆಯ ಪತ್ರ ಬಂತು. ಅದನ್ನು ಎರಡು ಸಲ ಓದಿ, ಗೋಡೆಗೆ ಮುಖ ಮಾಡಿ ಟೋಪಿ ಸರಿಪಡಿಸಿಕೊಂಡರು. ತಿರುಗಿದವರೇ, "ಪಾಲಿಶ್ ಎಲ್ಲೈತಿ, ತರ್ರಿ!" ಎಂದು ಗುಡುಗಿದರು.

ಪ್ರಿನ್ಸಿಪಾಲರು ಬೀಳ್ಕೊಡುಗೆಯ ಕವಾಯತನ್ನು ಅದೇ ಮೈದಾನದಲ್ಲಿ ಇರಿಸಿ, ಅದೇ ಅತಿಥಿಯನ್ನು ಕರೆದರು. ಬೆಳಿಗ್ಗೆ ಅವರ ಎಲ್ಲ ಪದಕಗಳನ್ನು ಸಾಲಾಗಿ ಜೋಡಿಸುವಾಗ ನಾನು ಆಫ್ರಿಕಾದ್ದನ್ನು ನಡುವೆ ಇಡಲು ಹೋದೆ. "ಅಲ್ಲವಾ, ನಮ್ಮ ದೇಶದವು ಮೊದಲ. ಪರದೇಶದ್ದು ಸಾಲಿನ ಕಡೀಗೆ" ಎಂದು ಸರ್ ತಿದ್ದಿದರು.

ಅತಿಥಿ ಅಪ್ಪಣೆಯ ಪತ್ರವನ್ನೂ ಹೊಳೆಯ ಕತೆಯನ್ನೂ ಮೈಕಿನಲ್ಲಿ ತಾವೇ ಓದಿದರು. ಓದಿ ಮುಗಿಸಿ, "ಇವತ್ತಿನ ವಂದನಾ ನನಗಲ್ಲ, ಇವರಿಗೆ" ಎಂದು ವೇದಿಕೆಯ ಮುಂದಿನ ತಮ್ಮ ಜಾಗವನ್ನು ಬಿಟ್ಟುಕೊಟ್ಟರು. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸರ್ ನನ್ನ ಕಡೆ ನೋಡಿ, "ನಡಸವಾ ಪರೇಡ್" ಎಂದರು.

ತುಕಡಿಯನ್ನು ಅವರ ಮುಂದಿನಿಂದ ನಾನೇ ನಡೆಸಿದೆ. "ದಾಹಿನೇ ದೇಖ್!" ಎಂದು ಕೂಗಿದಾಗ ನಮ್ಮೆಲ್ಲರ ಮುಖಗಳು ಒಮ್ಮೆಲೇ ಅವರತ್ತ ಹೊರಳಿದವು. ಅವರ ಕೈ ಮೇಲೇರಿತು.

ಈಗ ನಾನೂ ಸೇನೆಯಲ್ಲಿದ್ದೇನೆ. ಎಷ್ಟೋ ಕವಾಯತು ನಡೆಸಿದ್ದೇನೆ. ಅವರು ಕಲಿಸಿದ ಈ ದನಿ ಅಂದಿನಷ್ಟು ಎತ್ತರಕ್ಕೆ ಮತ್ತೆ ಏರಿಲ್ಲ.