ಚಿಕ್ಕಪ್ಪ ಎರಡನೇ ಸಲ ಹುಟ್ಟಿದ್ದು

ಆಗೆಲ್ಲ ನಮ್ಮ ತಳಿ ಊರಿನ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಮನೆಮನೆಯ ಅಂಗಳದಲ್ಲೂ ಅವರೆಕಾಯಿಯ ಸೊಗಡು. ಹೆಂಗಸರು ಎಳೆಬಿಸಿಲಿಗೆ ಬೆನ್ನು ಕೊಟ್ಟು ಕಾಯಿ ಸುಲಿಯುತ್ತಿದ್ದರೆ, ನಾವು ಹುಡುಗಿಯರು ಸಿಪ್ಪೆಯ ರಾಶಿಯ ಪಕ್ಕದಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದೆವು. ಯುದ್ಧ ಮುಗಿದ ಮಾರನೆಯ ವರ್ಷದ ಆ ಚಳಿಗಾಲದಲ್ಲಿ ನನಗೆ ಎಂಟು ವರ್ಷ.

ನಮ್ಮ ಚಿಕ್ಕಪ್ಪ ತಿಮ್ಮರಾಯಪ್ಪ ಸೈನ್ಯ ಸೇರಿ ಬರ್ಮಾಕ್ಕೆ ಹೋಗಿದ್ದ. ಗಾಯಾಳುಗಳನ್ನು ಹೊರುವ ಕೆಲಸ. ಕಾಡಿನಲ್ಲಿ ಕಾಣೆಯಾಗಿದ್ದಾನೆ, ಬದುಕಿರುವ ಭರವಸೆಯಿಲ್ಲ ಎಂದು ಒಂದು ದಿನ ಕಾಗದ ಬಂತು. ಒಂದು ವರ್ಷ ಕಾದು, ಅಪ್ಪ ತನ್ನ ತಮ್ಮನ ಕರ್ಮ ಮಾಡಿ ಮುಗಿಸಿದ. ಚಿಕ್ಕಮ್ಮನ ಬಳೆ ತೆಗೆಸಿದರು. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ಹೊಲದಿಂದ ಓಡಿ ಬಂದ. ತಿಮ್ಮರಾಯ ಬಂದಿದ್ದಾನೆ, ಕಣದ ಗುಡಿಸಲಲ್ಲಿ ಕೂತಿದ್ದಾನೆ, ಎಷ್ಟು ಕರೆದರೂ ಮನೆಗೆ ಬರಲೊಲ್ಲ ಎಂದ. ಚಿಕ್ಕಮ್ಮ ಏಳಲಿಲ್ಲ. ಸುಲಿದ ಸಿಪ್ಪೆಯನ್ನೇ ಮತ್ತೆ ಮತ್ತೆ ಸುಲಿಯುತ್ತಾ ಕೂತಳು.

ಚಿಕ್ಕಪ್ಪನಿಗೆ ಕಾಡಿನಲ್ಲಿ ವಿಷಮಜ್ವರ ಬಂದು, ಬೇರೆ ಪಡೆಯವರು ದೂರದ ಆಸ್ಪತ್ರೆಗೆ ಸೇರಿಸಿದ್ದರಂತೆ. ಅವನು ಬರೆದ ಕಾಗದಗಳು ಊರು ಮುಟ್ಟಿರಲಿಲ್ಲ. ಈಗ ಹತ್ತಿರ ಬಂದಾಗ ಊರ ಯಜಮಾನರು ಎದುರಾಗಿ, ಕರ್ಮ ಆದವನು ಹೊಸಿಲು ದಾಟಿದರೆ ಮನೆಗೆ ಕೇಡು, ಹಿಂದಿನಿಂದ ಬಂದ ಪದ್ಧತಿ ಎಂದು ಹೇಳಿಬಿಟ್ಟಿದ್ದರು.

ಅವನನ್ನು ಹೆತ್ತ ನಮ್ಮಜ್ಜಿ ನನ್ನ ಕೈ ಹಿಡಿದು ಕಣಕ್ಕೆ ನಡೆದಳು. ಚಿಕ್ಕಪ್ಪ ಕಡ್ಡಿಯಂತಾಗಿದ್ದ. ಎಲ್ಲಿಗಾದರೂ ಹೋಗಿಬಿಡುತ್ತೇನೆ, ಸತ್ತನೆಂದೇ ತಿಳಿದುಕೊಳ್ಳಿ ಎಂದ. ಆಮೇಲೆ ನೆಲ ನೋಡುತ್ತಾ, ಆಸ್ಪತ್ರೆಯಲ್ಲಿ ಕಂಡ ಒಬ್ಬ ಜಪಾನಿನ ಹುಡುಗನ ವಿಷಯ ತೆಗೆದ.

ಅವನು ಸೆರೆಸಿಕ್ಕ ಸಿಪಾಯಿ. ಚಿಕ್ಕಪ್ಪ ಗುಣವಾದ ಮೇಲೆ ಅವನನ್ನು ನೋಡಿಕೊಳ್ಳುವ ಕೆಲಸ ಇವನ ಪಾಲಿಗೆ ಬಂತು. ಹುಡುಗ ಅನ್ನ ಮುಟ್ಟುತ್ತಿರಲಿಲ್ಲ, ಸಾಯಲು ಹಟ ಹಿಡಿದಿದ್ದ. ಅವನ ಭಾಷೆ ಬಲ್ಲ ವೈದ್ಯರೊಬ್ಬರು ಕಾರಣ ಬಿಡಿಸಿ ಹೇಳಿದರು. ಶತ್ರುವಿನ ಕೈಗೆ ಸಿಗುವುದಕ್ಕಿಂತ ತಾನಾಗಿ ಪ್ರಾಣ ಬಿಡುವುದೇ ಮಾನ ಎಂದು ಅವರಿಗೆ ಸೈನ್ಯದಲ್ಲಿ ಕಲಿಸಿದ್ದರು. ಜೀವಂತ ಹೋದರೆ ಅಪ್ಪ ಅಮ್ಮ ಬೀದಿಯಲ್ಲಿ ತಲೆಯೆತ್ತುವಂತಿಲ್ಲ, ತಂಗಿಗೆ ಗಂಡು ಸಿಗುವುದಿಲ್ಲ, ಮನೆಯಲ್ಲಿ ಈಗಾಗಲೇ ತನ್ನ ಪಟವನ್ನು ಹಿರೀಕರ ಜೊತೆ ಇಟ್ಟು ಕೈಮುಗಿಯುತ್ತಿರುತ್ತಾರೆ ಎಂಬುದು ಅವನ ಸಂಕಟ.

ಚಿಕ್ಕಪ್ಪ ಹತ್ತು ದಿನ ಆ ಮಂಚ ಬಿಟ್ಟು ಕದಲಲಿಲ್ಲ. ಕೊನೆಗೆ ವೈದ್ಯರ ಮೂಲಕ ಅವನನ್ನು ಒಂದು ಮಾತು ಕೇಳಿದ. ನೀನು ಹೋಗಿ ಬಾಗಿಲಲ್ಲಿ ನಿಂತರೆ ನಿನ್ನ ತಾಯಿ ಮೊದಲು ನಿನ್ನ ಮುಖ ನೋಡುತ್ತಾಳೋ, ಬೀದಿಯ ಕಡೆ ನೋಡುತ್ತಾಳೋ? ಹುಡುಗ ಬಹಳ ಹೊತ್ತು ಅತ್ತ. ಮಾರನೆಯ ದಿನ ಗಂಜಿ ಕುಡಿದ. ಕೆಲವು ವಾರಗಳಾದ ಮೇಲೆ ಅಮ್ಮನಿಗೆ ಕಾಗದ ಬರೆಯಲು ಕೂತ.

ಅಜ್ಜಿ ಅಷ್ಟನ್ನೂ ಕೇಳಿಸಿಕೊಂಡಳು.

"ಆ ಹುಡ್ಗನ್ನ ಕೇಳ್ದಲ್ಲ, ನನ್ನ ಯಾಕ್ಲಾ ಕೇಳ್ಲಿಲ್ಲ?" ಎಂದಳು.

ಚಿಕ್ಕಪ್ಪ ಅವಳ ಮಡಿಲಿಗೆ ಮುಖವಿಟ್ಟ. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಅಜ್ಜಿ ಅಲ್ಲಿಂದ ನೇರ ಯಜಮಾನರ ಜಗಲಿಗೆ ಹೋದಳು.

"ಸತ್ತೋನ್ಗೆ ಮಾಡೋದೆಲ್ಲ ಮಾಡಿ ಆಯ್ತು, ಅದನ್ನ ಇಲ್ಲ ಅನ್ನಕಿಲ್ಲ. ನಾಳೆ ನಮ್ಮನೇಲಿ ಒಂದು ಮಗ ಹುಟ್ತಾನೆ. ಹುಟ್ಟೋದು ಬ್ಯಾಡ ಅನ್ನೋ ಪದ್ಧತಿ ಐತಾ ಯಜಮಾನ್ರೆ?"

ಯಜಮಾನರು, ಹೀಗೆ ತಿರುಗಿ ಬಂದವರಿಗೆ ಮತ್ತೆ ಹೆಸರಿಡುವ ಕ್ರಮ ಎಲ್ಲೋ ಇದೆಯೆಂದು ಕೇಳಿದ ನೆನಪು, ಕೆಲಮಂಗಲದ ಪುರೋಹಿತರಿಗೆ ತಾವೇ ಹೇಳಿಕಳಿಸುತ್ತೇವೆ ಎಂದರು. ಅವರ ಮುಖವೂ ಹಗುರಾದಂತೆ ಕಂಡಿತು.

ಮಾರನೆಯ ದಿನ ಚಿಕ್ಕಪ್ಪನಿಗೆ ಎಣ್ಣೆನೀರು ಹಾಕಿ, ಹಸುಗೂಸನ್ನು ಮಲಗಿಸುವ ಹಾಗೆ ಮೊರದಲ್ಲಿ ಕೂರಿಸಿದರು. ಅವನ ಮೊಣಕಾಲು ಎರಡೂ ಹೊರಗೆ. ಅಜ್ಜಿ ಬಜೆ ತೇಯ್ದು ನೆಕ್ಕಿಸಿದಳು, ಹರಳೆಣ್ಣೆ ಬಾಯಿಗೆ ಬಿಟ್ಟಳು, ಕಿವಿಯಲ್ಲಿ ಮೂರು ಸಲ ತಿಮ್ಮರಾಯಪ್ಪ ಎಂದು ಕೂಗಿದಳು. ಹರಳೆಣ್ಣೆಗೆ ಅವನು ಮುಖ ಕಿವುಚಿದ್ದು ನೋಡಿ ಚಿಕ್ಕಮ್ಮ ನಕ್ಕಳು. ಆ ನಗು ಕೇಳಿ ನಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಧ್ಯಾಹ್ನ ಚಿಕ್ಕಮ್ಮನಿಗೆ ಹಸಿರು ಬಳೆ ತೊಡಿಸಿ, ಮತ್ತೆ ತಾಳಿ ಕಟ್ಟಿಸಿದರು. ಊರಿಗೆಲ್ಲ ಮುದ್ದೆ, ಹಿತಕಿದ ಅವರೆಬೇಳೆ ಸಾರು.

ಇವತ್ತು ಹುಟ್ಟಿದವನೆಂದರೆ ಚಿಕ್ಕಪ್ಪ ನನಗಿಂತ ಚಿಕ್ಕವನಾದನಲ್ಲ ಎಂದು ನಾನು ಅಜ್ಜಿಯನ್ನು ಕೇಳಿದೆ. ಪಕ್ಕದಲ್ಲೇ ಉಣ್ಣುತ್ತಿದ್ದ ಚಿಕ್ಕಪ್ಪ ಕೇಳಿಸಿಕೊಂಡ.

"ಹಂಗಾದ್ರೆ ನೀನು ನನ್ಗೆ ಅಕ್ಕ ಕಣವ್ವ."

ಅಂದಿನಿಂದ ಹಾಗೆಯೇ ಕರೆದ. ನನ್ನ ಮದುವೆಯಲ್ಲೂ, ನನಗೆ ಮೊಮ್ಮಕ್ಕಳಾದ ಮೇಲೂ.

ಆ ಜಪಾನಿನ ಹುಡುಗ ಮನೆ ಸೇರಿದನೋ ಇಲ್ಲವೋ ನಮಗೆ ತಿಳಿಯಲಿಲ್ಲ. ಸೇರಿರುತ್ತಾನೆ ಎಂದೇ ಅಜ್ಜಿ ಕಡೆಯವರೆಗೂ ಹೇಳುತ್ತಿದ್ದಳು. ಮಾನ ಹೋಯಿತೆಂದು ಹೆತ್ತ ಮಕ್ಕಳ ಜೊತೆ ಮಾತು ಬಿಟ್ಟವರನ್ನು ಆಮೇಲೆ ನಮ್ಮ ಬಳಗದಲ್ಲೇ ಕಂಡಿದ್ದೇನೆ. ಅವರ ಜಗಲಿಗೆ ಹೋಗಿ ಕೇಳುವ ಅಜ್ಜಿ ಈಗಿಲ್ಲ.

ಚಿಕ್ಕಪ್ಪನೂ ಹೋಗಿ ಬಹಳ ವರ್ಷವಾಯಿತು. ಊರಿಗೆ ಹೋದರೆ ಎಲ್ಲರೂ ಅಜ್ಜಿ ಎನ್ನುತ್ತಾ ಪ್ರೀತಿಯಿಂದ ಬಂದು ಕೈ ಹಿಡಿಯುತ್ತಾರೆ. ಅಕ್ಕ ಎಂದು ಕರೆಯುವವರು ಒಬ್ಬರೂ ಉಳಿದಿಲ್ಲ.