ತಿಮ್ಮರಾಯಪ್ಪನವರು ಹಾಕಿದ ಗೆರೆ

ತಿಮ್ಮರಾಯಪ್ಪನವರು ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಹಲ್ಲುಗಳ ನಡುವೆ ಕಚ್ಚಿ, ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತಿದ್ದರು. ಪೀಣ್ಯದ ಒಂದು ಫೋರ್ಜಿಂಗ್ ಶೆಡ್ಡಿನಲ್ಲಿ ಹನ್ನೆರಡು ವರ್ಷ, ಕಾದ ಕಬ್ಬಿಣ ಬಡಿಯುವ ಯಂತ್ರದ ಸುತ್ತಿಗೆಯ ಪಕ್ಕದಲ್ಲೇ ದುಡಿದು ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯನ್ನೂ ಅವರು ಅಷ್ಟಾಗಿ ನಂಬುತ್ತಿರಲಿಲ್ಲ. "ಕಿವಿ ಸುಳ್ ಯೋಳ್ತದೆ ಸಾರ್, ಅಲ್ಲು ಯೋಳಾಕಿಲ್ಲ," ಎನ್ನುತ್ತಿದ್ದರು. ಹಿಡಿಯ ತುಂಬ ಅವರ ಹಲ್ಲಿನ ಗುರುತುಗಳಿದ್ದವು.

ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ. ಆಗ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಅವರು ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ನಾನು ದಾವಣಗೆರೆಯಿಂದ ಬಂದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದೆ. ಅಳತೆ ನೋಡಿ ಮಾಲು ಪಾಸು ಮಾಡುವ ಕೆಲಸ. ಅಂಗಿಯ ಜೇಬಿನಲ್ಲಿ ಸದಾ ವರ್ನಿಯರ್ ಇರುತ್ತಿತ್ತು. ನಾನು ಹೇಳಿದ್ದೇ ಅಳತೆ ಎಂಬ ಧಿಮಾಕೂ ಇತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಟ್ರಕ್ಕೊಂದನ್ನು ಕೊಂಡೆ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು, ನಾಲ್ಕೂ ಚಕ್ರ ಎಳೆಯುವ ಗಾಡಿ. ನೋಡಲು ಆನೆ, ಏರು ಸಿಕ್ಕರೆ ಮುದಿ ಎತ್ತು. ನಮ್ಮ ಕಾರ್ಖಾನೆಯ ಕೆಲವರು ಭಾನುವಾರಗಳಲ್ಲಿ ಇಂಥ ಗಾಡಿಗಳನ್ನು ತುಮಕೂರು ರಸ್ತೆಯಾಚೆಯ ಪಾಳುಬಿದ್ದ ಕಲ್ಲುಗಣಿಗೆ ಒಯ್ದು ಏರು ಹತ್ತಿಸುವ ಪಂದ್ಯ ಆಡುತ್ತಿದ್ದರು. ನಮ್ಮ ವರ್ಕ್ಸ್ ಮ್ಯಾನೇಜರರಿಗೂ ಆ ಹುಚ್ಚು. ಅವರ ಕಣ್ಣೆದುರು ನನ್ನ ಗಾಡಿ ಒಮ್ಮೆಯಾದರೂ ಮೊದಲು ಮೇಲೇರಬೇಕು ಎಂಬುದು ನನ್ನಾಸೆ.

ಫೋರ್ಜಿಂಗ್ ಕೆಲಸ ಬಿಟ್ಟ ತಿಮ್ಮರಾಯಪ್ಪನವರು ನಮ್ಮ ಕಾರ್ಖಾನೆಯ ಹತ್ತಿರ ಹಾಕಿಕೊಂಡಿದ್ದ ಗ್ಯಾರೇಜಿಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ವಿದೇಶಿ ಪತ್ರಿಕೆಯಿಂದ ಬರೆದುಕೊಂಡ ಪಟ್ಟಿಯಿತ್ತು. ಜೋಡಿ ಕಾರ್ಬುರೇಟರು, ಹೊಸ ಕ್ಯಾಮ್, ಉಕ್ಕಿನ ಎಕ್ಸಾಸ್ಟ್ ಕೊಳವೆಗಳು. ಅವರು ಒಂದೊಂದನ್ನೂ ಓದಿಸಿ "ಇದ್ಯಾಕೆ?" ಎಂದು ಕೇಳಿದರು. ಕಡೆಗೆ ಪಟ್ಟಿಯನ್ನು ಇಸಿದುಕೊಂಡು ಅದರಲ್ಲೇ ಪ್ಲಗ್ಗು ಒರೆಸಿದರು.

"ಇದ್ರಾಗೆ ಅರ್ಧ ಕೆಲ್ಸ ಗಾಡಿ ಒಳಗೇ ಐತೆ ಸಾರ್. ಯಾರೋ ಮಾಡ್ದೆ ಬಿಟ್ಟವ್ರೆ ಅಷ್ಟೇ. ಮೊದ್ಲು ಮೈ ಇಳ್ಸಿ."

"ಯಾರ ಮೈ?"

"ಗಾಡೀದು ಸಾರ್! ನಿಮ್ದು ಆಮ್ಯಾಕ್ ನೋಡಾನ."

ಹಿಂದಿನ ಕಬ್ಬಿಣದ ಬೆಂಚುಗಳು, ಎರಡನೆಯ ಸ್ಟೆಪ್ನಿ, ಮದ್ದುಗುಂಡಿನ ಪೆಟ್ಟಿಗೆ ಎಲ್ಲವನ್ನೂ ಬಿಚ್ಚಿಸಿ, ಮುಖ್ಯರಸ್ತೆಯ ವೇಬ್ರಿಡ್ಜಿನ ಮೇಲೆ ಗಾಡಿ ನಿಲ್ಲಿಸಿ ನೋಡಿದರು. ನಾಲ್ಕು ಜನ ಇಳಿದಷ್ಟು ತೂಕ ಕಮ್ಮಿಯಾಗಿತ್ತು. "ನೋಡಿ, ನಾಕ್ ಜನುನ್ನ ಪುಕ್ಸಟ್ಟೆ ಇಳ್ಸಿದ್ವಿ," ಎಂದು ಮಗುವಿನ ಹಾಗೆ ನಕ್ಕರು.

ಆಮೇಲಿನ ಮೂರು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಶಿಫ್ಟು ಮುಗಿದ ಕೂಡಲೇ ಗ್ಯಾರೇಜಿಗೆ ಓಡುತ್ತಿದ್ದೆ. ಇಂಜಿನ್ನಿನ ಜೀವ ತಿನ್ನುತ್ತಿದ್ದ ದೊಡ್ಡ ಕಬ್ಬಿಣದ ಫ್ಯಾನು ತೆಗೆದು, ಗುಜರಿ ಕಾರೊಂದರ ಕರೆಂಟಿನ ಫ್ಯಾನು ಕೂರಿಸಿದರು. ಹೊಗೆ ಹೊರಹೋಗುವ ದಾರಿಗಳಲ್ಲಿ ಎರಕದ ಒರಟು ಹಾಗೇ ಉಳಿದಿತ್ತು. ಎಂಟು ದಿನ ಕೂತು ಅರದಿಂದ ಉಜ್ಜಿ ನುಣುಪು ಮಾಡಿದರು. ಒಳಗೆ ಬೆರಳು ಆಡಿಸಿ, "ಉಸ್ರು ಸಲೀಸಾಗ್ ಬಿಟ್ರೆ ತಾನೇ ಓಡಾದು?" ಎಂದರು. ಕಡೆಗೆ ಪಕ್ಕದ ಶೆಡ್ಡಿನ ಗ್ರೈಂಡರಿನಲ್ಲಿ ಸಿಲಿಂಡರ್ ಹೆಡ್ಡಿನ ಅಡಿಯನ್ನು ಸ್ವಲ್ಪವೇ ಕೆತ್ತಿಸಿದರು. ಒಳಗಿನ ಜಾಗ ಕಿರಿದಾದರೆ ಪೆಟ್ರೋಲು ಬಿಗಿಯಾಗಿ ಒತ್ತಿ ಜೋರಾಗಿ ಸಿಡಿಯುತ್ತದೆ. ಎಷ್ಟು ಕೆತ್ತಬೇಕೆಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಅವರು ಅದಕ್ಕಿಂತ ಕಮ್ಮಿ ಕೆತ್ತಿಸಿದರು. ಆಮೇಲೆ ನೋಡಿದರೆ ನಾನು ಕೂಡುವುದರಲ್ಲೇ ತಪ್ಪಿದ್ದೆ.

ಎಲ್ಲ ಜೋಡಿಸಿದ ಮೇಲೆ, ಪ್ಲಗ್ಗಿನ ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ನಿರ್ಧರಿಸುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ಆಚೀಚೆ ತಿರುಗಿಸುತ್ತಾ, ಸ್ಕ್ರೂಡ್ರೈವರ್ ಕಚ್ಚಿಕೊಂಡು ಅರ್ಧ ಗಂಟೆ ನಿಂತರು. ಕೊನೆಗೆ ಉಳಿಯಿಂದ ಅದರ ಬುಡದ ಮೇಲೂ ಇಂಜಿನ್ನಿನ ಮೇಲೂ ಸೇರಿದಂತೆ ಒಂದೇ ಗೆರೆ ಹೊಡೆದರು.

"ಸಾರ್, ಎಡ್ಡು ಕೆತ್ತೀವಿ. ನಮ್ ಬಂಕಿನ್ ಪೆಟ್ರೋಲ್ಗೆ ಇಷ್ಟೇ ತಡ್ಯಾದು. ಈ ಗೆರೆ ಬಿಟ್ಟು ತಿರುಗಿಸ್ಬ್ಯಾಡಿ. ತಿರುಗಿಸಿದ್ರೆ ಬೀದೀಲಿ ಸಕ್ಕತ್ತಾಗ್ ಓಡ್ತದೆ, ಏರ್ನಾಗೆ ಪಿಸ್ಟನ್ ತೂತ್ ಬೀಳ್ತದೆ."

ಗಾಡಿ ಹೊಸ ಜನ್ಮ ಎತ್ತಿತ್ತು. ನಾನು ಉಬ್ಬಿಹೋಗಿ ಮ್ಯಾನೇಜರರ ಬಳಿ ತಿಮ್ಮರಾಯಪ್ಪನವರನ್ನು ಹೊಗಳಿದೆ. ಕಾರ್ಖಾನೆಯ ವ್ಯಾನು, ಲಾರಿಗಳ ರಿಪೇರಿಯನ್ನೆಲ್ಲ ಅವರಿಗೇ ಕೊಡೋಣವೆಂದು ಮ್ಯಾನೇಜರರು ಒಪ್ಪಿದರು. ಏರಿನ ಪಂದ್ಯಕ್ಕೆ ಆತನನ್ನೂ ಕರೆದುಕೊಂಡು ಬಾ, ನೋಡೋಣ ಎಂದರು. ಆ ಮಾತನ್ನು ನಾನೇ ಗ್ಯಾರೇಜಿಗೆ ಮುಟ್ಟಿಸಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ನಿಜವಾ ಸಾರ್?" ಎಂದರು. ಮಾರನೆಯ ವಾರ ಪಕ್ಕದ ಖಾಲಿ ಶೆಡ್ಡನ್ನೂ ಬಾಡಿಗೆಗೆ ಹಿಡಿದರು. ನನ್ನ ಮಾತಿನ ಮೇಲೆ.

ಪಂದ್ಯದ ಹಿಂದಿನ ದಿನ ಮನೆಯ ಮುಂದೆ ಬಾನೆಟ್ ಎತ್ತಿದೆ. ಗೆರೆ ಕಾಣುತ್ತಿತ್ತು. ಗಾಡಿ ಚೆನ್ನಾಗಿಯೇ ಇತ್ತು, ಆದರೆ ಅದರಲ್ಲಿ ನನ್ನದೆಂಬುದು ಏನೂ ಇರಲಿಲ್ಲ. ಇಂಜಿನಿಯರ್ ನಾನು, ಹಲ್ಲಿನಿಂದ ಇಂಜಿನ್ ಕೇಳುವವನ ಗೆರೆಗೆ ಯಾಕೆ ಕಟ್ಟುಬೀಳಬೇಕು ಎನ್ನಿಸಿತು. ಬೋಲ್ಟು ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ ಬಿಗಿ ಮಾಡಿದೆ. ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಗಾಡಿ ಚಿಮ್ಮುತ್ತಿತ್ತು. ಅವರು ಹೇಳಿದ ಹಾಗೆಯೇ, ಸಕ್ಕತ್ತಾಗಿ.

ಮರುದಿನ ಕಲ್ಲುಗಣಿಯ ಏರಿನ ಅರ್ಧದಲ್ಲಿ, ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಶುರುವಾಯಿತು. ಕೆಳಗಿನಿಂದ ತಿಮ್ಮರಾಯಪ್ಪನವರು ಎರಡೂ ಕೈ ಎತ್ತಿ ನಿಲ್ಲಿಸಿ, ನಿಲ್ಲಿಸಿ ಎಂದು ಬೀಸುತ್ತಿದ್ದುದು ಕಂಡಿತು. ನಾನು ನಿಲ್ಲಿಸಲಿಲ್ಲ. ಇನ್ನು ಇಪ್ಪತ್ತು ಮಾರು ಇರುವಾಗ ಟಪ್ ಎಂದಿತು, ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ನುಗ್ಗಿತು, ಗಾಡಿ ಸತ್ತುಹೋಯಿತು.

ಎಲ್ಲರೂ ಹತ್ತಿಬಂದರು. ಮ್ಯಾನೇಜರರು "ಏನಾಯ್ತಯ್ಯಾ?" ಎಂದರು. ಅವರ ಹಿಂದೆ ಏಳೆಂಟು ಜನ ಸಹೋದ್ಯೋಗಿಗಳು. ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಯಾವಾಗ ಸಿದ್ಧವಾಯಿತೆಂದು ಇವತ್ತಿಗೂ ತಿಳಿಯದು.

"ಹೆಡ್ ಜಾಸ್ತಿ ಕೆತ್ತಿಬಿಟ್ಟಿದಾನೆ ಸಾರ್. ಇವರಿಗೆಲ್ಲ ಲೆಕ್ಕ ಎಲ್ಲಿ ಬರತ್ತೆ? ನಾನು ಬೇಡ ಅಂತ ಹೇಳಿದ್ದೆ."

ತಿಮ್ಮರಾಯಪ್ಪನವರು ಪಕ್ಕದಲ್ಲೇ ನಿಂತಿದ್ದರು. ಅವರ ಎಡಗಿವಿ ನನ್ನ ಕಡೆಗಿತ್ತು, ಕೇಳಿಸಿರಲಾರದು ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಆದರೆ ಮ್ಯಾನೇಜರರು ಅವರತ್ತ ತಿರುಗಿ, "ಏನಪ್ಪಾ, ಇವರು ಹೇಳ್ತಿರೋದು ಸರೀನಾ? ಜಾಸ್ತಿ ಕೆತ್ತಿದ್ಯಾ?" ಎಂದು ಗಟ್ಟಿಯಾಗಿಯೇ ಕೇಳಿದರು.

ಅವರು ಬಾನೆಟ್ ಎತ್ತಿದರು. ಹೊಗೆ ಸರಿಯುವವರೆಗೆ ಕಾದು, ಬಗ್ಗಿ ಡಿಸ್ಟ್ರಿಬ್ಯೂಟರಿನ ಬುಡ ನೋಡಿದರು. ಒಂದೇ ಆಗಿದ್ದ ಗೆರೆ ಎರಡು ತುಂಡಾಗಿ ನಡುವೆ ಅಂತರ ಬಿದ್ದಿತ್ತು. ಆ ಅಂತರದ ಮೇಲೆ ಹೆಬ್ಬೆರಳಿಟ್ಟು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನಾನು ಹೇಳಲೆಂದು ಕಾಯುತ್ತಿದ್ದರು. ನಾನು ಕೈಗಡಿಯಾರ ನೋಡಿಕೊಂಡೆ.

"ಗಾಡಿ ನಾನ್ ಮಾಡಿದ್ದು ಸಾರ್," ಎಂದರು ಮ್ಯಾನೇಜರರಿಗೆ. "ಎಳ್ಕೊಂಡ್ ಓಗಿ ನಾನೇ ಸರಿ ಮಾಡ್ತೀನಿ."

ಹಾಗೇ ಮಾಡಿದರು. ಗುಜರಿಯಿಂದ ಪಿಸ್ಟನ್ ಹುಡುಕಿ ತಂದು ಹಾಕಿ, ಡಿಸ್ಟ್ರಿಬ್ಯೂಟರನ್ನು ಮತ್ತೆ ಗೆರೆಗೆ ಕೂರಿಸಿ ಗಾಡಿ ಕೊಟ್ಟರು. ಕೂಲಿ ಬೇಡವೆಂದರು. ಅವರೇ ಹೀಗೆಂದ ಮೇಲೆ ತಪ್ಪು ಅವರದೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಕಾರ್ಖಾನೆಯ ಕೆಲಸ ಬೇರೆ ಗ್ಯಾರೇಜಿಗೆ ಹೋಯಿತು. ಹೆಡ್ ಕೆತ್ತಿ ಇಂಜಿನ್ ಸುಟ್ಟವನು ಎಂಬ ಮಾತು ಪೀಣ್ಯದ ಟೀ ಅಂಗಡಿಗಳಲ್ಲೆಲ್ಲ ಓಡಾಡಿತು. ಮೊದಲು ಹೊಸ ಶೆಡ್ಡು ಬಿಟ್ಟರು, ವರ್ಷದೊಳಗೆ ಹಳೆಯದನ್ನೂ. ಬೀಗ ಹಾಕಿದ ಬಾಗಿಲನ್ನು ನಾನು ಫ್ಯಾಕ್ಟರಿ ಬಸ್ಸಿನ ಕಿಟಕಿಯಿಂದ ನೋಡಿದೆ. ನನ್ನ ಗಾಡಿ ಮಾತ್ರ ಚೆನ್ನಾಗಿ ಓಡುತ್ತಿತ್ತು. ಅದನ್ನು ಓಡಿಸಲು ಮನಸ್ಸು ಬಾರದೆ ಮಾರಿಬಿಟ್ಟೆ.

ಐದಾರು ವರ್ಷದ ನಂತರ ಕೆಲಸದ ಮೇಲೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದಕ್ಕೆ ಹೋಗಿದ್ದೆ. ಕರೆಂಟು ಹೋಗಿ ಹಿತ್ತಲಲ್ಲಿ ಜನರೇಟರು ಶುರುವಾಯಿತು. ಅದರ ಪಕ್ಕ ಸ್ಟೂಲಿನ ಮೇಲೆ ಖಾಕಿ ಅಂಗಿ ತೊಟ್ಟು ತಿಮ್ಮರಾಯಪ್ಪನವರು ಕೂತಿದ್ದರು. ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ ಎದ್ದುನಿಂತರು. ಅವರು ಎದ್ದುನಿಂತದ್ದು ನನಗೆ ಹೊಡೆದಂತಾಯಿತು.

ಕರೆಂಟು ಬರುವವರೆಗೆ ಕಾದೆ. ಆಮೇಲೆ ಅವರ ಬಲಗಡೆಗೆ ಹೋಗಿ ನಿಂತು ಹೇಳಿದೆ. "ಅವತ್ತು ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದು ನಾನೇ, ತಿಮ್ಮರಾಯಪ್ಪನೋರೆ."

"ಗೊತ್ತಲ್ಲ ಸಾರ್."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ಯೋಳಿದ್ರೆ ನಂಬ್ತಿದ್ರಾ? ನೀವು ಇಂಜಿನಿಯರ್ರು." ಸ್ವಲ್ಪ ಹೊತ್ತು ಬಟ್ಟೆಯಿಂದ ಕೈ ಒರೆಸಿಕೊಂಡರು. "ನೀವೇ ಯೋಳ್ತೀರಾ ಅಂದ್ಕಂಡಿದ್ದೆ. ಅಲ್ಲಿ ಅಲ್ದಿದ್ರೂ ಆಮ್ಯಾಕಾದ್ರೂ."

"ತಪ್ಪಾಯ್ತು. ಕ್ಷಮಿಸಿ."

"ನಂಗ್ ಗೊತ್ತಿರಾದ್ನ ನಂಗೇ ಯಾಕ್ ಯೋಳ್ತೀರಾ ಸಾರ್? ಅವತ್ತು ಅಲ್ಲಿದ್ರಲ್ಲ, ಅವ್ರಿಗ್ ಯೋಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆದರೆ ಆ ವಾರ ಆಡಿಟ್ ಇತ್ತು. ಮುಂದಿನ ವಾರ ಮ್ಯಾನೇಜರರ ಮನಸ್ಸು ಸರಿಯಿರಲಿಲ್ಲ. ಆಮೇಲೆ ನನ್ನ ಪ್ರಮೋಷನ್ನಿನ ಕಾಗದ ಅವರ ಮೇಜಿನ ಮೇಲಿತ್ತು. ಹೀಗೆ ಎರಡು ತಿಂಗಳು ಕಳೆದು, ಪ್ರಮೋಷನ್ ಕೈಗೆ ಬಂದ ಮೇಲೆ, ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿದೆ.

ಮ್ಯಾನೇಜರರು ಚಮಚ ಕೆಳಗಿಟ್ಟು ಗಹಗಹಿಸಿ ನಕ್ಕರು. "ನೀನೇ ತಿರುಗಿಸಿದ್ದಾ? ಒಳ್ಳೇ ಇಂಜಿನಿಯರ್ ಕಣಯ್ಯಾ ನೀನು!" ಎಲ್ಲರೂ ನಕ್ಕರು. ಒಬ್ಬ ನನ್ನ ಬೆನ್ನು ತಟ್ಟಿದ. ಆ ಮೆಕ್ಯಾನಿಕ್ ಏನಾದ ಎಂದು ಯಾರೂ ಕೇಳಲಿಲ್ಲ. ನಾನೇ ಹೆಸರು ಹೇಳಿದೆ. ಅವರನ್ನು ಕರೆಸಿ ಕೆಲಸ ಕೊಡಬೇಕೆಂದೆ. "ಆಯ್ತಪ್ಪಾ, ಕರ್ಕೊಂಡ್ ಬಾ," ಎಂದು ಮ್ಯಾನೇಜರರು ಮೊಸರನ್ನಕ್ಕೆ ಕೈ ಹಾಕಿದರು. ನಾನು ಇಷ್ಟು ವರ್ಷ ಹೆದರಿದ್ದು ಈ ನಗುವಿಗೆ.

ಮರುದಿನವೇ ಬೊಮ್ಮನಹಳ್ಳಿಗೆ ಹೋದೆ. ಜನರೇಟರಿನ ಬಳಿ ಬೇರೆ ಯಾರೋ ಇದ್ದರು. ತಿಮ್ಮರಾಯಪ್ಪನವರು ಕೆಲಸ ಬಿಟ್ಟು ತಿಂಗಳ ಮೇಲಾಯಿತೆಂದು ವಾಚ್‌ಮನ್ ಹೇಳಿದ. ಎಲ್ಲಿಗೆ ಹೋದರೆಂದು ಅವನಿಗೂ ತಿಳಿದಿರಲಿಲ್ಲ.

"ಯಾವೂರು ಸಾರ್ ಅವ್ರುದು? ಊರು ಗೊತ್ತಿದ್ರೆ ವಿಚಾರಿಸ್ಬೋದು," ಎಂದ.

ಮಾದನಾಯಕನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು ಎಂಬುದಷ್ಟೇ ನನಗೆ ಗೊತ್ತಿತ್ತು. ಮೂರು ತಿಂಗಳು ದಿನವೂ ಅವರ ಪಕ್ಕ ನಿಂತಿದ್ದೆ, ಅವರ ಡಬ್ಬಿಯಿಂದ ಮುದ್ದೆ ಮುರಿದು ತಿಂದಿದ್ದೆ. ನಿಮ್ಮ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಗೊತ್ತಿಲ್ಲಪ್ಪಾ," ಎಂದೆ.